ಬೆನ್ನ ಹಿಂದಿನ ಗೋಲು

ಎರಡನೇ ಗೋಲು ಭಾಳ ಚಂದ ಇತ್ತು ಅಂದಿದ್ದಳು ಶಿವದೇವಿ. ಹೋದ ಪಂದ್ಯ ಮುಗಿಸಿ ತಾರ್ನಾಕದ ಮನೆಗೆ ಬಂದು, ಗಂಡನ ತಾಟಿಗೆ ರೊಟ್ಟಿ ಹಾಕುತ್ತ, ಹೆಸರುಕಾಳು ಪಲ್ಯಕ್ಕೆ ಉಪ್ಪು ಸಾಕೇನ್ರಿ ಎಂದು ಕೇಳುವ ದನಿಯಲ್ಲೇ ಈ ಮಾತನ್ನೂ ಅಂದು ಒಲೆಯ ಕಡೆ ತಿರುಗಿದ್ದಳು. ಬೇರೆ ಹೆಂಡತಿ ಬೇರೆ ಗಂಡನಿಗೆ ಅಂದಿದ್ದರೆ ಅದು ಮಾತೇ ಅಲ್ಲ. ಆದರೆ ಸೂರ್ಯಕಾಂತನಿಗೆ ಅದು ಹಲ್ಲಿನ ಸಂದಿಯ ಅಡಿಕೆ ಚೂರಾಗಿ ಕೂತುಬಿಟ್ಟಿತ್ತು. ಈ ಮಧ್ಯಾಹ್ನ, ಸ್ಟೇಡಿಯಮ್ಮಿನ ಏಳನೇ ಗೇಟಿನ ಒಳಗೆ, ಸಿಮೆಂಟಿನ ಹಾದಿಯಲ್ಲಿ ಗಿಳಿಹಸಿರು ಜಾಕೀಟು ತೊಟ್ಟು ನಿಂತಾಗಲೂ ಅವನ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಸೆಕ್ಯುರಿಟಿ ಏಜೆನ್ಸಿಯ ಆಳುಗಳು. ಪಂದ್ಯದ ದಿನ ಅವನು ಗೇಟಿಗೆ, ಅವಳು ಫ್ಯಾಮಿಲಿ ಸ್ಟ್ಯಾಂಡಿಗೆ. ಆಟ ನಡೆಯುವಾಗ ಸ್ಟ್ಯಾಂಡಿನಲ್ಲಿ ನಿಂತವರು ಮೈದಾನಕ್ಕೆ ಬೆನ್ನು, ಮಂದಿಗೆ ಮುಖ ಕೊಟ್ಟು ನಿಲ್ಲಬೇಕು. ಇದು ಮೊದಲ ಪಾಠ, ಕಡೆಯ ಪಾಠವೂ ಇದೇ. ಬೆನ್ನ ಹಿಂದೆ ಆಕಾಶ ಕಳಚಿ ಬಿದ್ದರೂ ತಿರುಗುವ ಹಾಗಿಲ್ಲ. ತಿರುಗಿದವರಿಗೆ ಆ ದಿನದ ಪಗಾರವಿಲ್ಲ. ಹಾಗಿದ್ದ ಮೇಲೆ ಎರಡನೇ ಗೋಲು ಚಂದ ಇತ್ತೆಂದು ಅವಳಿಗೆ ಗೊತ್ತಾದದ್ದು ಹೇಗೆ?

ಆ ಪಾಠವನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ. ಏಜೆನ್ಸಿಯ ಸಾಹೇಬ ಹಿಂದಿಯಲ್ಲಿ ಹೇಳಿದ್ದನ್ನು ಮನೆಗೆ ತಂದು, ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಕಲಿಸಿದ್ದ. ಎಲ್ಲಾರೂ ಚೆಂಡ ನೋಡತಿರ್ತಾರ, ನೀ ಚೆಂಡ ನೋಡದವನ್ನ ಹುಡುಕು, ಅಂವನs ಖೋಡಿ ಮನಶ್ಯಾ, ಅಂವಗ ಏನೋ ಮಾಡೋದೈತಿ ಅಂತ ತಿಳಕೋ. ಅಂಥವನು ಕಂಡರೆ ಟೊಪ್ಪಿಗೆಯ ಮೇಲೆ ಅಂಗೈ ಇಡು, ಸ್ಟ್ಯಾಂಡಿನ ಇನ್‌ಚಾರ್ಜ್ ಬರುತ್ತಾನೆ. ಅವಳು ತಲೆಸೆರಗಿನ ಮೇಲೆ ಅಂಗೈ ಇಟ್ಟು ನಕ್ಕಿದ್ದಳು. ಆಗ ಅವನೂ ನಕ್ಕಿದ್ದ. ಹೆಂಗಸರ ಚೀಲ ತಪಾಸಣೆಗೆ ಹೆಂಗಸರೇ ಬೇಕು, ವೈನಿನ್ನ ಕಳಿಸ್ರಿ ಎಂದು, ಅವಳನ್ನು ಅತ್ತಿಗೆಯೆಂದೇ ಕರೆಯುವ ಇನ್‌ಚಾರ್ಜ್ ಅಂಬಣ್ಣ ಮನೆತನಕ ಬಂದು ಕೇಳಿದಾಗ ಹ್ಞೂಂ ಅಂದವನೂ ತಾನೇ. ಕೊಡಲಿ ಕಾವು ಕುಲಕ್ಕೆ ಮೂಲ ಎನ್ನುವುದು ಕಾವಿಗೆ ಯಾವಾಗ ಗೊತ್ತಾಗುತ್ತದೋ ಏನೋ. ಈಗ ಅವಳು ಪ್ಯಾಂಟು, ಅಂಗಿ, ಮೇಲೆ ಜಾಕೀಟು ತೊಡುತ್ತಾಳೆ. ಬ್ಯಾಗ್ ತೆರವಂಡಿ ಅಮ್ಮಾ ಎಂದು ತೆಲುಗಿನಲ್ಲಿ ಸರಾಗ ಹೇಳುತ್ತಾಳೆ. ಹಾಗೆ ಹೇಳುವಾಗ ಅವಳ ದನಿ ಮನೆಯ ದನಿಗಿಂತ ಸ್ವಲ್ಪ ತಗ್ಗಿ, ಸ್ವಲ್ಪ ಅಗಲವಾಗಿ ಕೇಳುತ್ತದೆ. ಇಷ್ಟು ವರ್ಷ ಆ ದನಿಯನ್ನು ಎಲ್ಲಿಟ್ಟಿದ್ದಳೋ.

ಮೇಲಿನಿಂದ ಹೋ ಎಂದು ಸದ್ದು ಬಂತು. ಗೋಲಲ್ಲ, ತಪ್ಪಿದ ಗೋಲು. ಸೂರ್ಯಕಾಂತ ಸದ್ದಿನ ಬಾಲ ಹಿಡಿದೇ ಹೇಳಬಲ್ಲವನಾಗಿದ್ದ. ಏಳನೇ ಗೇಟಿಗೆ ಆಟ ಇರಲಿ, ಆಟ ನೋಡುವವರ ಮುಖವೂ ಕಾಣುವುದಿಲ್ಲ. ಎಡಕ್ಕೆ ಪಾಯಖಾನೆ, ಬಲಕ್ಕೆ ಸ್ಟ್ಯಾಂಡಿಗೆ ಹತ್ತುವ ಮೆಟ್ಟಿಲು, ಎದುರಿಗೆ ಹೊರಗಿನ ರಸ್ತೆಗೆ ತೆರೆದುಕೊಳ್ಳುವ ಕಬ್ಬಿಣದ ಗೇಟು. ಮಂದಿ ಒಳಗಿರುವತನಕ ಅದಕ್ಕೆ ಅಗುಳಿ ಮಾತ್ರ, ಬೀಗವಿಲ್ಲ. ಪಂದ್ಯವಿಲ್ಲದ ದಿನಗಳಿಗೆ ಅಂತ ಸರಪಳಿ, ಬೀಗ ಅಲ್ಲೇ ಗೂಟಕ್ಕೆ ತೂಗುತ್ತಿದ್ದವು. ಕೀಲಿಕೈ ಅವನ ಕಿಸೆಯಲ್ಲಿ. ಏನಾದರೂ ಅವಘಡವಾದರೆ ಫ್ಯಾಮಿಲಿ ಸ್ಟ್ಯಾಂಡಿನ ಅಷ್ಟೂ ಮಂದಿ ಹೊರಬೀಳಬೇಕಾದದ್ದು ಈ ಬಾಗಿಲಿನಿಂದಲೇ, ಆದ್ದರಿಂದ ಗೇಟಿನ ಮನುಷ್ಯ ಗೇಟು ಬಿಟ್ಟು ಕದಲಬಾರದು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯಾರು ಎಲ್ಲಿ ಎಂದು ಹಂಚುವಾಗ ಅಂಬಣ್ಣ, ಸೂರ್ಯಣ್ಣಗ ಏಳನೇ ಗೇಟ್ ಇರಲಿ, ಅಲ್ಲಿ ನೆರಳೈತಿ, ಮೊಣಕಾಲು ನೋಯ್ತಾವ ಅಂವಗ ಅಂದಿದ್ದ. ಎಲ್ಲರೂ ಅವನ ಮೊಣಕಾಲು ನೋಡಿದರು. ಸಾಲಿನ ಆ ತುದಿಯಲ್ಲಿ ನಿಂತ ಶಿವದೇವಿಯೂ ನೋಡಿದಳು. ತನ್ನ ಮೊಣಕಾಲು ನೋಯುವ ಸಂಗತಿ ಇವನಿಗೆ ಹೇಳಿದವರು ಯಾರು?

ಅಂಬಣ್ಣ ಪರಕೀಯನೇನಲ್ಲ. ಹುಮನಾಬಾದಿನವನು. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಇಬ್ಬರೂ ವಾಚಮನ್ ಆಗಿದ್ದಾಗ ಒಂದೇ ಖೋಲಿ, ಒಂದೇ ಸ್ಟೋವು. ಅಂಗಿ ಎಷ್ಟು ಒಗೆದರೂ ಹೋಗದ ಆ ಖಾರ ವಾಸನೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದವರು. ಹೆಂಡತಿ ತೀರಿಕೊಂಡಾಗ ಅಂಬಣ್ಣ ಅತ್ತದ್ದು ಸೂರ್ಯಕಾಂತನ ಹೆಗಲ ಮೇಲೆ. ಆಮೇಲೆ ಊರ ಹೊರಗಿನ ಬಂಡೆಗಲ್ಲೆಲ್ಲ ಒಡೆದು ಗಾಜಿನ ಗೋಡೆಯ ಕಂಪ್ಯೂಟರ್ ಕಂಪನಿಗಳು ಎದ್ದವು. ಕಂಪನಿಗಳ ಹಿಂದೆ ಈ ಹೊಸ ಸ್ಟೇಡಿಯಮ್ಮು, ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಹುಡುಗರು, ಶನಿವಾರದ ಫುಟ್ಬಾಲು ಎಲ್ಲ ಬಂದವು. ಇಬ್ಬರೂ ಒಂದೇ ದಿನ ಏಜೆನ್ಸಿ ಸೇರಿದರೂ ಅಂಬಣ್ಣನ ಕೈಗೆ ವಾಕಿಟಾಕಿ ಬಂತು, ಸೂರ್ಯಕಾಂತನ ಕೈಗೆ ಕೀಲಿಕೈ ಬಂತು. ವಾಕಿಟಾಕಿಯನ್ನು ಅವನು ಎಡಗೈಯಲ್ಲಿ ಹಿಡಿಯುತ್ತಿದ್ದ. ಅಂಬಣ್ಣ ಎಡಚ. ಈ ಎಡಚತನ ಇಷ್ಟು ವರ್ಷ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಈಗ ಕೊಡತೊಡಗಿತ್ತು, ಯಾಕೆಂದರೆ ಆ ರಾತ್ರಿ ಅವಳು ಇನ್ನೊಂದು ಮಾತೂ ಅಂದಿದ್ದಳು. ಆ ಹನ್ನೊಂದನೇ ನಂಬರಿನ ಹುಡುಗ ಎಡಗಾಲಿಲೆ ಹೊಡದ ನೋಡ್ರಿ, ಅಂತ. ಮರುದಿನ ಚಹಾದಂಗಡಿಯ ತೆಲುಗು ಪೇಪರಿನಲ್ಲಿ ಆ ಗೋಲಿನ ಫೋಟೋ ಬಂದಿತ್ತು. ಹನ್ನೊಂದನೇ ನಂಬರಿನ ಹುಡುಗ ಚೆಂಡನ್ನು ಒದೆಯುತ್ತಿದ್ದ, ಬಲಗಾಲಿನಿಂದ. ಸೂರ್ಯಕಾಂತ ಪೇಪರನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ಬಲಗಾಲೇ. ಅಂದರೆ ಅವಳು ಕಣ್ಣಾರೆ ನೋಡಿಲ್ಲ. ಯಾರೋ ಬಣ್ಣಿಸಿದ್ದಾರೆ. ಹತ್ತಿರ ನಿಂತು, ಕಾಲೆತ್ತಿ, ಹೀಂಗ ಹೊಡದ ನೋಡ್ರಿ ವೈನಿ ಎಂದು ಆಡಿ ತೋರಿಸಿದ್ದಾರೆ. ಎಡಚನಾದವನು ಆಡಿ ತೋರಿಸಿದರೆ ಯಾವ ಕಾಲು ಎತ್ತುತ್ತಾನೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಕಾಮಾಲೆ ಆದವನಿಗೆ ಲೋಕವೇ ಹಳದಿಯಾಗಿರುವುದಕ್ಕೆ ಪೇಪರಿನ ಸಾಕ್ಷಿಯೂ ಸಿಕ್ಕಿಬಿಟ್ಟರೆ ಅವನಾದರೂ ಏನು ಮಾಡಬೇಕು? ಅವನು ಹೆಂಡತಿಯನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು, ಅದು ಅವನಿಗೂ ಗೊತ್ತಿತ್ತು. ಕೇಳದೆ ಇಟ್ಟುಕೊಂಡಷ್ಟು ದಿನ ಆ ಸಂಕಟ ತನ್ನ ಸ್ವಂತದ್ದು ಎಂಬ ಒಂದು ಬಗೆಯ ಸುಖವೂ ಅದರಲ್ಲಿತ್ತು.

"ಇಲ್ಲಿ ಟಾಯ್ಲೆಟ್ ಎಲ್ಲಿದೆ ಸರ್?"

ಮೆಟ್ಟಿಲಿಳಿದು ಬಂದ ಹುಡುಗ ಕನ್ನಡದಲ್ಲೇ ಕೇಳಿದ. ಕೊರಳಲ್ಲಿ ನೀಲಿ ಪಟ್ಟಿ, ಮೈಸೂರು ಕಡೆಯ ಮಾತು. ಜಾಕೀಟಿನ ಮೇಲಿನ ಹೆಸರು ನೋಡಿ ಕನ್ನಡದವನೆಂದು ಊಹಿಸಿದ್ದಿರಬೇಕು. ಸೂರ್ಯಕಾಂತನಿಗೆ ಯಾಕೋ ಉರಿಯಿತು. "ಉಧರ್" ಎಂದು ಹಿಂದಿಯಲ್ಲಿ ಗದರಿ ಕೈ ತೋರಿಸಿದ. ಹುಡುಗ ಪೆಚ್ಚಾಗಿ ಹೋದ. ಹೋದ ಮೇಲೆ ಸೂರ್ಯಕಾಂತನಿಗೂ ಪೆಚ್ಚೆನಿಸಿತು. ಆ ಹುಡುಗ ಇನ್ನೊಂದು ಗಳಿಗೆಗೆ ಮೇಲೆ ಹೋಗಿ ಕೂರುತ್ತಾನೆ. ಅವನ ಎದುರಿಗೆ, ಕಟಕಟೆಯ ಹತ್ತಿರ, ಶಿವದೇವಿ ನಿಂತಿರುತ್ತಾಳೆ. ಅವಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಟಿಕೀಟು ತೆಗೆಸಿದ್ದಾನೆ. ಇಡೀ ಸ್ಟ್ಯಾಂಡಿನ ಗಂಡಸರೆಲ್ಲ ಟಿಕೀಟು ತೆಗೆಸಿದ್ದಾರೆ. ಅವಳ ಮುಖ ಅವರೆಲ್ಲರ ಕಡೆಗೆ ತಿರುಗಿದೆ, ಕಟ್ಟಿಕೊಂಡ ತನ್ನೊಬ್ಬನಿಗೆ ಮಾತ್ರ ಈ ಪಾಯಖಾನೆಯ ಗೋಡೆ.

ಆಗ ಅವನು ಆ ಕೆಲಸ ಮಾಡಿದ. ಮಾಡಬೇಕೆಂದು ನಿರ್ಧರಿಸಿದ ನೆನಪೇ ಆಮೇಲೆ ಅವನಿಗೆ ಬರಲಿಲ್ಲ. ಗೇಟು ಸುಮ್ಮನೆ ಬಿಟ್ಟು ಹೋದರೆ ಹೊರಗಿನ ಪುಕ್ಕಟೆ ಮಂದಿ ನುಗ್ಗುತ್ತಾರೆ, ಗುಲ್ಲಾಗುತ್ತದೆ, ತಾನು ಗೇಟಿನಲ್ಲಿ ಇಲ್ಲದ್ದು ಬಯಲಾಗುತ್ತದೆ. ಆದ್ದರಿಂದ ಗೂಟದ ಸರಪಳಿ ತೆಗೆದು ಗೇಟಿಗೆ ಸುತ್ತಿದ, ಬೀಗ ಜಡಿದ. ಬೀಗ ಬೀಳುವ ಸದ್ದಿಗೆ ಒಮ್ಮೆ ಅತ್ತಿತ್ತ ನೋಡಿದ. ಐದು ಮಿನಿಟು, ಒಂದು ಸಲ ನೋಡಿ ಇಳಿದುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಜಾಕೀಟು ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ತಲೆಗೆ ಕರವಸ್ತ್ರ ಕಟ್ಟಿ ಮೆಟ್ಟಿಲು ಹತ್ತಿದ. ಮೊಣಕಾಲು ನೋಯಲೇ ಇಲ್ಲ.

ಬೆಳಕು ಕಣ್ಣಿಗೆ ಹೊಡೆಯಿತು. ಅವನು ತಲೆ ತಗ್ಗಿಸಿ ಕಡೆಯ ಸಾಲಿನತನಕ ಹತ್ತಿ, ದೊಡ್ಡ ಸಾಹೇಬರು ಕೂತು ನೋಡುವ ಗಾಜಿನ ಕೋಣೆಯ ಕೆಳಗೆ ಒಂದು ಖಾಲಿ ಕುರ್ಚಿಯಲ್ಲಿ ಕುಸಿದ. ಮೇಲೆ ಛಾವಣಿಯ ಕಬ್ಬಿಣಕ್ಕೆ ಹೆಜ್ಜೇನು ಕಟ್ಟಿತ್ತು. ಅದು ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು, ತೆಗೆಸುವುದು ಯಾರ ಕೆಲಸ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಕಟಕಟೆಯ ಮುಂದೆ ಶಿವದೇವಿ ನಿಂತಿದ್ದಳು. ಕಾಲು ಸ್ವಲ್ಪ ಅಗಲಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಗದ್ದ ಎತ್ತಿ. ಅವಳ ಹಿಂದೆ ಹಸಿರು ಮೈದಾನ, ಓಡುವ ಹುಡುಗರು. ಅವನು ಅತ್ತ ನೋಡಲಿಲ್ಲ. ಅವಳು ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸಿಕೊಂಡು ಮೇಲೆ ಬರುತ್ತಿದ್ದಳು, ಜ್ವಾಳದಾಗ ಹಳ್ಳು ಆರಿಸಿದ ಹಾಗೆ. ಅವಳನ್ನು ಇಷ್ಟು ದೂರದಿಂದ, ಅವಳಿಗೆ ಗೊತ್ತಿಲ್ಲದೆ ಅವನು ಎಂದೂ ನೋಡಿರಲಿಲ್ಲ. ಇವಳು ತನ್ನ ಹೆಂಡತಿ ಎಂದು ಗೊತ್ತಿಲ್ಲದ ಗಂಡಸಿಗೆ ಇವಳು ಹೇಗೆ ಕಂಡಾಳು ಎಂದು ಯೋಚಿಸಿದ. ಚಂದ ಕಂಡಾಳು ಎಂದು ಹೊಳೆಯಿತು. ಹೊಳೆದದ್ದೇ ತಡ, ಸಿಟ್ಟು ಬಂತು. ಮದುವೆಯಾಗಿ ಇಷ್ಟು ವರ್ಷ ತಾನು ಇದನ್ನು ನೋಡದೆ ಹೋದೆನೆಂದೋ, ಈಗ ಉಳಿದವರೆಲ್ಲ ನೋಡುತ್ತಿದ್ದಾರೆಂದೋ, ಅವನಿಗೆ ತಿಳಿಯಲಿಲ್ಲ.

ಅವಳ ಕಣ್ಣು ಕಡೆಯ ಸಾಲಿಗೆ ಬಂತು. ಅವನ ಮೇಲೆ ಹಾದು ಹೋಯಿತು. ಮತ್ತೆ ಬಂತು, ನಿಂತಿತು. ಅವನು ಕರವಸ್ತ್ರವನ್ನು ಹುಬ್ಬಿನತನಕ ಎಳೆದುಕೊಂಡ, ಆದರೆ ನೋಟ ಕೀಳಲಿಲ್ಲ. ಅವಳು ಬೆನ್ನ ಹಿಂದಿನ ಒಂದು ಕೈ ಬಿಡಿಸಿ, ನಿಧಾನವಾಗಿ, ಟೊಪ್ಪಿಗೆಯ ಮೇಲೆ ಅಂಗೈ ಇಟ್ಟಳು. ತಾನೇ ಕಲಿಸಿದ ಗುರುತು ಅದು ಎನ್ನುವುದು ಸೂರ್ಯಕಾಂತನಿಗೆ ಹೊಳೆಯಲಿಲ್ಲ. ಹೊಳೆದದ್ದು, ಓಹೋ, ಇವರು ಕರೆಯುವುದು ಹೀಗೆ. ಕರೆದದ್ದೇ ತಡ ಅಂಬಣ್ಣ ಬಂದ. ಹತ್ತಿರ ಬಂದ. ಗದ್ದಲದಲ್ಲಿ ಕೇಳಿಸದೆಂದು ಕಿವಿ ಅವಳ ಬಾಯಿಯ ಹತ್ತಿರ ತಂದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದಳು, ಅವನು ತಲೆಯಾಡಿಸಿದ. ಅವರಿಬ್ಬರ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಸಿಕ್ಕಿತು ಎಂದುಕೊಂಡ ಸೂರ್ಯಕಾಂತ. ಅನುಮಾನ ನಿಜವಾದದ್ದಕ್ಕೆ ಸಂತೋಷವೂ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನು ಅಂಬಣ್ಣ ತಿರುಗ್ರಿ ವೈನಿ ಅನ್ನುತ್ತಾನೆ, ಅವಳು ತಿರುಗುತ್ತಾಳೆ. ಆದರೆ ಅಂಬಣ್ಣ ಅವಳನ್ನು ಬಿಟ್ಟು ಬದಿಯ ಮೆಟ್ಟಿಲಿನ ಕಡೆ ಹೋದ. ಅವಳು ಇದ್ದಲ್ಲೇ ಇದ್ದಳು.

ಅಷ್ಟರಲ್ಲಿ ಇಡೀ ಸ್ಟ್ಯಾಂಡು ಎದ್ದು ನಿಂತಿತು. ಎದುರಿನವರ ಸೊಂಟಗಳ ಸಂದಿಯಿಂದ ಅವನು ಅವಳನ್ನೇ ನೋಡುತ್ತಿದ್ದ. ಅವಳು ತಿರುಗಲಿಲ್ಲ. ಒಂದಿಂಚೂ ತಿರುಗಲಿಲ್ಲ. ಆದರೂ ಅವಳ ಮುಖ ಬೆಳಗುತ್ತಿತ್ತು. ತುಟಿ ತೆರೆಯಿತು, ಹುಬ್ಬು ಮೇಲೇರಿತು, ಚೆಂಡು ಬಲೆಗೆ ಬಿದ್ದ ಗಳಿಗೆಗೆ ಸರಿಯಾಗಿ ಅವಳು ಬೆನ್ನ ಹಿಂದೆಯೇ ಮುಷ್ಟಿ ಕುಲುಕಿದ್ದು ಭುಜದ ಅಲುಗಾಟದಲ್ಲಿ ಕಂಡಿತು. ಅವಳ ಕಣ್ಣು ಅವನ ಮೇಲಿರಲಿಲ್ಲ. ಅವನ ತಲೆಯ ಮೇಲೆ, ಹಿಂದೆ, ಎಲ್ಲೋ ಇತ್ತು. ಸೂರ್ಯಕಾಂತ ಕುತ್ತಿಗೆ ಹೊರಳಿಸಿ ನೋಡಿದ. ಸಾಹೇಬರ ಕೋಣೆಯ ಕಪ್ಪು ಗಾಜಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ, ಇಡೀ ಮೈದಾನ ಮೂಡಿತ್ತು. ಹಸಿರು, ಬಿಳಿ ಗೆರೆ, ಬಲೆ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಹುಡುಗರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅವನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ತಿಳಿದ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಅವಳಿಗೆ ಯಾರೂ ಇರಲಿಲ್ಲ. ಯಾರ ಹಂಗೂ ಇಲ್ಲದೆ, ನಿಯಮ ಮುರಿಯದೆ, ಅವಳು ತನ್ನಷ್ಟಕ್ಕೆ ತಾನೇ ಒಂದು ಸುಖ ಕಂಡುಕೊಂಡಿದ್ದಳು. ಅದನ್ನು ರೊಟ್ಟಿಯ ಜೊತೆ ಅವನ ತಾಟಿಗೂ ಹಾಕಿದ್ದಳು. ಆಗ ಅವನಿಗೆ ಆ ಗಾಜಿನ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಹೆಗಲ ಮೇಲೆ ಕೈ ಬಿತ್ತು. ಎಡಗೈ.

"ಭಾಯಿಸಾಬ್, ಜರಾ ಬಾಹರ್ ಆವೋ" ಎಂದು ಅಂದ ಅಂಬಣ್ಣ, ಮುಖ ಕಂಡದ್ದೇ ಕೈ ತೆಗೆದ. "ಸೂರ್ಯಣ್ಣ? ನೀವಾ?"

ಸೂರ್ಯಕಾಂತ ತಲೆಯ ಕರವಸ್ತ್ರ ಬಿಚ್ಚಿದ.

"ಕಡೀ ಸಾಲಿನಾಗ ಒಬ್ಬಂವ ಚೆಂಡ ನೋಡವಲ್ಲ, ನೋಡ್ರಿ ಅಂತ ವೈನಿ ಹೇಳಿದ್ರು" ಎಂದ ಅಂಬಣ್ಣ, ತಪ್ಪು ತನ್ನದೇ ಎನ್ನುವ ಹಾಗೆ. ಆಮೇಲೆ ಅವನ ಕಣ್ಣು ಪ್ಲಾಸ್ಟಿಕ್ ಚೀಲದಿಂದ ಇಣುಕುತ್ತಿದ್ದ ಜಾಕೀಟಿನ ಮೇಲೆ ಬಿತ್ತು. "ಮತ್ತ ಗೇಟಿಗೆ ಯಾರದಾರ?"

ಉತ್ತರ ಹೇಳುವ ಮೊದಲೇ ಮೂರು ಸಾಲು ಕೆಳಗೆ ಯಾರೋ ಗೋಲಿನ ಖುಷಿಗೆ ಪಟಾಕಿ ಹಚ್ಚಿದರು. ಹೇಗೆ ಒಳಗೆ ತಂದಿದ್ದರೋ. ಢಮ್ಮೆಂದ ಸದ್ದು ಛಾವಣಿಗೆ ಬಡಿದು, ಹೊಗೆ ಮೇಲೇರಿತು, ಹೆಜ್ಜೇನಿನ ಕಪ್ಪು ಮುದ್ದೆ ಒಂದು ಸಲ ಅಲುಗಿ ಕಳಚಿ ಬಿತ್ತು. ಮೊದಲು ನಕ್ಕವರೇ ಆಮೇಲೆ ಕಿರುಚಿದರು. ಮಕ್ಕಳನ್ನು ಕಂಕುಳಿಗೆ ಇರುಕಿ, ದುಪಟ್ಟಾ ಮುಸುಕು ಹಾಕಿ, ಅಷ್ಟೂ ಮಂದಿ ಒಂದೇ ಕಡೆಗೆ, ಏಳನೇ ಗೇಟಿನ ಮೆಟ್ಟಿಲಿಗೆ ಧುಮುಕಿದರು. ಮುಂದೆ ಹೋದವರು ಸರಪಳಿ ಕಂಡು ನಿಂತರು, ಹಿಂದಿನವರಿಗೆ ಅದು ಗೊತ್ತಿಲ್ಲ. ಬೀಗ ಹಾಕೇತಿ ಎಂದು ಸೂರ್ಯಕಾಂತ ಅಂದ. ತನ್ನ ದನಿ ತನಗೇ ಕೇಳಲಿಲ್ಲ. ಕಿಸೆಯಿಂದ ಕೀಲಿಕೈ ತೆಗೆದು ಅಂಬಣ್ಣನಿಗೆ ತೋರಿಸಿದ. ಅಂಬಣ್ಣ ಬೈಯಲಿಲ್ಲ. ಬೈಯಬೇಕಿತ್ತು. ಇಬ್ಬರೂ ಇಳಿಯಲು ನೋಡಿದರು, ಆ ಬೆನ್ನುಗಳ ಗೋಡೆಯಲ್ಲಿ ಕೈ ತೂರಲೂ ಸಂದಿಯಿರಲಿಲ್ಲ. ಕೆಳಗೆ, ಮೆಟ್ಟಿಲಿನ ಬಾಯಿಯಲ್ಲಿ, ಗೋಡೆಗೆ ಆತು, ಎರಡೂ ತೋಳು ಚಾಚಿ ಶಿವದೇವಿ ನಿಂತಿದ್ದಳು. ಕೂಚೋಂಡಿ, ಕೂಚೋಂಡಿ ಅಮ್ಮಾ, ಮುಖಂ ಕಪ್ಪುಕೋಂಡಿ ಎಂದು ಕೂಗುತ್ತಿದ್ದಳು. ಅದೇ ತಗ್ಗಿದ, ಅಗಲವಾದ ದನಿ. ಹತ್ತಿರದ ಹೆಂಗಸರು ಮುಖ ಮುಚ್ಚಿ ಅಲ್ಲಲ್ಲೇ ಕೂರುತ್ತಿದ್ದರು. ಒಂದು ಹುಳು ಅವಳ ಕಣ್ಣಿಗೇ ಬಂದು ಕೂತಿತು. ಅವಳು ತೋಳು ಇಳಿಸಲಿಲ್ಲ.

ಅವರ ಕಡೆ ಗಂಡ ಹೆಂಡತಿಯನ್ನು ನಾಲ್ಕು ಜನರ ಮುಂದೆ ಹೆಸರು ಹಿಡಿದು ಕೂಗುವುದಿಲ್ಲ. ಏ, ಇಕೀನ, ಕೇಳಿಲ್ಲಿ. ಇಷ್ಟರಲ್ಲೇ ಸಂಸಾರ ಸಾಗುತ್ತದೆ. ಸೂರ್ಯಕಾಂತ ಏ ಎಂದ. ಆ ಗದ್ದಲದಲ್ಲಿ ಏ ಎಂದರೆ ಯಾರು ತಿರುಗುತ್ತಾರೆ? ಅವನು ಕುರ್ಚಿ ಹತ್ತಿ ನಿಂತು, ಎದೆ ಒಡೆಯುವ ಹಾಗೆ, "ಶಿವದೇವೀ" ಎಂದು ಕೂಗಿದ. ಅವಳು ತಲೆಯೆತ್ತಿದಳು. ಅವನು ಕೀಲಿಕೈಯನ್ನು ಎದುರಿನವನ ಕೈಗೆ ಇಟ್ಟು, "ಶಿವದೇವೀಕೊ ದೇವೋ" ಎಂದ. ಎದುರಿಗಿದ್ದದ್ದು ನೀಲಿ ಪಟ್ಟಿಯ ಮೈಸೂರಿನ ಹುಡುಗ. ಅವನ ಒಂದು ಕೆನ್ನೆ ಆಗಲೇ ಊದಿತ್ತು. ಅವನು ಕೀಲಿಕೈಯನ್ನು ಮುಂದಿನವನಿಗೆ ಕೊಟ್ಟು ಶಿವದೇವಿಗೆ ಕೊಡಿ ಅಂದ, ಆ ಮುಂದಿನವನು ಅವನ ಮುಂದಿನವನಿಗೆ. ಕೀಲಿಕೈ ತಲೆಗಳ ಮೇಲೆ ಕೈಯಿಂದ ಕೈಗೆ ಇಳಿಯಿತು, ಅದರ ಜೊತೆ ಅವಳ ಹೆಸರೂ ಇಳಿಯಿತು. ಶಿವದೇವಿಕಿ ಇವ್ವಂಡಿ, ಶಿವದೇವೀಕೊ, ಎವರು ಶಿವದೇವಿ, ಅದಿಗೋ ಶಿವದೇವಿ. ಗುರುತಿಲ್ಲದ ಗಂಡಸರ ಬಾಯಲ್ಲಿ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಜೇನು ಕಚ್ಚುತ್ತಿದ್ದ ಆ ಹೊತ್ತಿನಲ್ಲೂ ಪ್ರತಿ ಬಾಯಿಗೂ ಸೂರ್ಯಕಾಂತನ ಎದೆ ಒಂದೊಂದು ಸಲ ಚುಳ್ಳೆಂದಿತು. ಇಂಥ ಗಳಿಗೆಯಲ್ಲೂ ಇದೇ ಏನು ನಿನಗೆ ಎಂದು ತನ್ನನ್ನೇ ಶಪಿಸಿದ. ಶಪಿಸಿದರೂ ಚಳುಕು ನಿಲ್ಲಲಿಲ್ಲ. ಕೀಲಿಕೈ ಅವಳ ಕೈ ಸೇರಿತು, ಅವಳು ಗೋಡೆ ಸವರಿಕೊಂಡು, ಮಂದಿಯ ಸಂದಿಯಲ್ಲಿ ನುಸುಳಿ ಮೆಟ್ಟಿಲಿನ ಕತ್ತಲೆಯಲ್ಲಿ ಮಾಯವಾದಳು. ಇಡೀ ಜೀವ ಕಿವಿಯಾಗಿ ಅವನು ಕಾದ. ಸ್ವಲ್ಪ ಹೊತ್ತಿನ ಮೇಲೆ ಬೆನ್ನುಗಳ ಗೋಡೆ ಸಡಿಲಾಯಿತು, ಹರಿಯಿತು.

ಯಾರೂ ಸಾಯಲಿಲ್ಲ. ಒಬ್ಬ ಮುದುಕಿಯ ಬಳೆ ಒಡೆದು ಮಣಿಕಟ್ಟು ಸೀಳಿತ್ತು, ಒಬ್ಬನ ಕಾಲು ಉಳುಕಿತ್ತು, ಊದಿದ ಮುಖಗಳಿಗೆ ಲೆಕ್ಕವಿರಲಿಲ್ಲ. ಪಂದ್ಯ ಅಲ್ಲಿಗೇ ನಿಂತಿತು. ಸಂಜೆ ಅಂಬಣ್ಣ ವಾಕಿಟಾಕಿಯಲ್ಲಿ ಸಾಹೇಬನಿಗೆ, ಏಳನೇ ಗೇಟಿನ ಸರಪಳಿ ಸಿಕ್ಕಿಹಾಕಿಕೊಂಡಿತ್ತು ಸಾಬ್, ಹಳೇದು, ಬದಲಿಸಬೇಕು ಎಂದು ಹಿಂದಿಯಲ್ಲಿ ಹೇಳುತ್ತಿದ್ದ. ಹೇಳುವಾಗ ಸೂರ್ಯಕಾಂತನ ಕಡೆ ನೋಡಲೂ ಇಲ್ಲ. ಒಳ್ಳೆಯವನಾಗುವುದರಲ್ಲೂ ಅವನೇ ಮುಂದೆ. ಸೂರ್ಯಕಾಂತ ಅಲ್ಲಿಂದ ಎದ್ದು ಸ್ಟ್ಯಾಂಡಿನ ಮೊದಲ ಸಾಲಿಗೆ ಬಂದ. ಶಿವದೇವಿ ಒಬ್ಬಳೇ ಕೂತಿದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಅವನು ಕಿಸೆಯಿಂದ ತಂಬಾಕಿನ ಡಬ್ಬಿ ತೆಗೆದು, ಬೆರಳಿಗೆ ಸುಣ್ಣ ಹಚ್ಚಿಕೊಂಡು ಅವಳ ಮುಖದ ಕಡೆ ಕೈ ಚಾಚಿದ. ಅವಳು ತಲೆ ಹಿಂದೆ ತೆಗೆದಳು.

"ಡಬ್ಬಿ ಕೊಡ್ರಿ ಇಲ್ಲೆ. ನಾನs ಹಚ್ಕೋತೀನಿ."

ಕೊಟ್ಟ. ಅವಳು ಕನ್ನಡಿಯಿಲ್ಲದೆ, ತಡವಿ ತಡವಿ ಹುಬ್ಬಿನ ಕೆಳಗೆ ಹಚ್ಚಿಕೊಂಡಳು. ಮೈದಾನದಲ್ಲಿ ಇಬ್ಬರು ಬಲೆ ಬಿಚ್ಚಿ ಸುತ್ತುತ್ತಿದ್ದರು. ಅವನು ಕೇಳಬಾರದೆಂದುಕೊಂಡ, ಕೇಳಿಯೇಬಿಟ್ಟ.

"ಮ್ಯಾಲ ಕೂತಂವ ನಾನs ಅಂತ ನಿನಗ ಗುರ್ತ ಹತ್ತಿರಲಿಲ್ಲೇನು?"

"ಹತ್ತಿತ್ತು."

"ಗುರ್ತ ಹತ್ತಿದ ಮ್ಯಾಲೂ ತಲೀ ಮ್ಯಾಲ ಕೈ ಇಟ್ಟಿ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದಳು.

"ಮೊದಲ ನೀವಂತ ಗೊತ್ತಾತು. ಆಮ್ಯಾಲೆ ನಿಮ್ಮ ಮಾರಿ ನೋಡಿದೆ. ಎಷ್ಟೊತ್ತಾದ್ರೂ ಹಂಗs ನೋಡಾಕತ್ತಿದ್ರಿ. ಅಂಜಿಕಿ ಬಂತ್ರಿ ನನಗ. ಅದಕ್ಕ ಕರದೆ."

ಡಬ್ಬಿಯನ್ನು ಅವನ ಪಕ್ಕದ ಕುರ್ಚಿಯ ಮೇಲಿಟ್ಟು ಅವಳು ಎದ್ದಳು. ಟೊಪ್ಪಿಗೆ ಕೈಯಲ್ಲಿ ಹಿಡಿದು, ಒಂದೇ ಕಣ್ಣಿನಲ್ಲಿ ಮೆಟ್ಟಿಲು ನೋಡಿಕೊಳ್ಳುತ್ತ ಇಳಿದು ಹೋದಳು. ಸೂರ್ಯಕಾಂತ ಮೈದಾನಕ್ಕೆ ಬೆನ್ನು ಹಾಕಿ ನಿಂತ. ಅವಳು ಕಂಡ ಆ ಮಾರಿ ಎಂಥದ್ದು ಎಂದು ತಾನೂ ಒಮ್ಮೆ ನೋಡಬೇಕೆನಿಸಿತು, ತಲೆಯೆತ್ತಿ ಗಾಜಿನ ಕಡೆ ನೋಡಿದ. ಹೊರಗೆ ಬೆಳಕಿಳಿದಿತ್ತು, ಸಾಹೇಬರ ಕೋಣೆಯ ಒಳಗೆ ದೀಪ ಹಾಕಿದ್ದರು. ಗಾಜಿನಲ್ಲಿ ಈಗ ಮೈದಾನವೂ ಇರಲಿಲ್ಲ, ಅವನೂ ಇರಲಿಲ್ಲ. ಒಳಗೆ ಖಾಲಿ ಕುರ್ಚಿಗಳು ಕಾಣುತ್ತಿದ್ದವು, ಒಬ್ಬ ಆಳು ಮೇಜು ಒರೆಸುತ್ತಿದ್ದ.